ಪರ್ಸಿ ಕಲ್ಲಿನ ಕೆಳಗಿನ ಪಟ್ಟೆ ಹಾವು: ಕಟ್ಟುಹಾವೋ, ತೋಳಹಾವೋ?

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ): ಸರ್, ನಮಸ್ಕಾರ. ಮನೆ ಕಟ್ಟಿಸಿದಾಗ ಉಳಿದ ಶಹಾಬಾದ್ ಪರ್ಸಿಗಳನ್ನು ಹಿತ್ತಲಿನ ಗೋಡೆಯ ಪಕ್ಕ, ಕರಿಬೇವಿನ ಗಿಡದ ಬುಡದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದೇವೆ. ಮೊನ್ನೆ ಮೊದಲ ಮಳೆ ಬಿದ್ದ ಮರುದಿನ ಮೇಲಿನ ಪರ್ಸಿ ಎತ್ತಿದಾಗ ಸುಮಾರು ಎರಡು ಮೊಳ ಉದ್ದದ, ಕಪ್ಪು ಮೈ ಮೇಲೆ ಬಿಳಿ ಪಟ್ಟೆಗಳಿದ್ದ ಹಾವೊಂದು ಕಂಡಿತು. ಅದು ಓಡಲಿಲ್ಲ, ಹೆಡೆ ಎತ್ತಲಿಲ್ಲ, ತಲೆಯನ್ನು ಮೈಯ ಸುತ್ತಿನೊಳಗೆ ಮರೆಸಿಕೊಂಡು ಬಿದ್ದುಕೊಂಡಿತ್ತು. ಇಷ್ಟು ಸಾಧುವಾದ ಹಾವಿಗೆ ವಿಷವಿರುವುದಿಲ್ಲ ಎಂದು ನಮ್ಮ ಭಾವನವರು ಹೇಳುತ್ತಾರೆ. ಪಕ್ಕದ ಮನೆಯವರು ಕಡಂಬಳ ಎಂದು ಹೆದರಿಸುತ್ತಿದ್ದಾರೆ. ಮೊಬೈಲಿನಲ್ಲಿ ತೆಗೆದ ಚಿತ್ರ ಹಾಕಿದ್ದೇನೆ, ಸ್ವಲ್ಪ ಅಲುಗಾಡಿದೆ. ಸೆಕೆಗೆ ಮಕ್ಕಳು ಪಡಸಾಲೆಯಲ್ಲಿ ನೆಲದ ಮೇಲೆಯೇ ಮಲಗುತ್ತಾರೆ, ಆದ್ದರಿಂದ ಕೇಳುತ್ತಿದ್ದೇನೆ.

ಉತ್ತರ (ಪ್ರಾಣಿಶಾಸ್ತ್ರದ ನಿವೃತ್ತ ಉಪನ್ಯಾಸಕ, ಉರಗ ರಕ್ಷಕ): ನಿಮ್ಮ ಭಾವನವರು ಯಾವ ಗುಣವನ್ನು ನೋಡಿ ಧೈರ್ಯ ಹೇಳಿದರೋ ಅದೇ ಗುಣ ನನಗೆ ಅನುಮಾನ ತರಿಸುತ್ತಿದೆ. ಕಡಂಬಳ ಎಂದೂ ಕ್ರೇಟ್ ಎಂದೂ ಕರೆಯುವ ಕಟ್ಟುಹಾವು ಹಗಲಿನಲ್ಲಿ ಮಂಕಾಗಿ, ತಲೆ ಮುಚ್ಚಿಕೊಂಡು ಬಿದ್ದಿರುತ್ತದೆ. ಕತ್ತಲಾದ ಮೇಲೆ ಅದೇ ಹಾವು ಚುರುಕಾಗಿ ಬೇಟೆಗೆ ಹೊರಡುತ್ತದೆ. ಹಾವಿನ ನಡತೆಯಿಂದ ವಿಷವನ್ನು ಅಳೆಯಲು ಹೋದರೆ ಬುಸುಗುಟ್ಟಿ ಎದುರು ನಿಲ್ಲುವ ಬಡಪಾಯಿ ಕೇರೆಹಾವು ಸಾಯುತ್ತದೆ, ಸುಮ್ಮನೆ ಮಲಗಿದ ಕಟ್ಟುಹಾವಿಗೆ ಮನೆಯಲ್ಲಿ ಜಾಗ ಸಿಗುತ್ತದೆ.

ಇದರೊಂದಿಗೆ ಗೊಂದಲವಾಗುವುದು ವಿಷವಿಲ್ಲದ ತೋಳಹಾವು. ಎರಡಕ್ಕೂ ಪಟ್ಟೆಗಳಿವೆ, ಎರಡೂ ರಾತ್ರಿ ತಿರುಗುತ್ತವೆ. ವ್ಯತ್ಯಾಸವನ್ನು ಪಟ್ಟೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮಾಸುತ್ತದೆ ಎಂಬುದರಲ್ಲಿ ನೋಡಬೇಕು. ತೋಳಹಾವಿನ ಮೈ ಹೆಚ್ಚಾಗಿ ಕಂದು ಬಣ್ಣದ್ದು. ಪಟ್ಟೆಗಳು ಕುತ್ತಿಗೆಯಿಂದಲೇ ಅಗಲವಾಗಿ ಆರಂಭವಾಗಿ ಬಾಲದ ಕಡೆಗೆ ಹೋದಂತೆ ಮಾಸುತ್ತವೆ. ಕಟ್ಟುಹಾವಿನ ಮೈ ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು ಅಥವಾ ನೀಲಿಗಪ್ಪು. ತಲೆಯ ಹಿಂದೆ ಒಂದಷ್ಟು ದೂರ ಪಟ್ಟೆಯೇ ಇರದೆ ಅಥವಾ ಬರೀ ಚುಕ್ಕೆಗಳಿದ್ದು, ಆಮೇಲೆ ತೆಳುವಾದ ಬಿಳಿ ಗೆರೆಗಳು ಹಲವು ಬಾರಿ ಜೋಡಿಜೋಡಿಯಾಗಿ ಬಂದು, ಬಾಲದ ಕಡೆಗೆ ಇನ್ನಷ್ಟು ಸ್ಪಷ್ಟವಾಗುತ್ತವೆ. ತೋಳಹಾವು ಹಲ್ಲಿಗಳನ್ನು ಅರಸಿ ಗೋಡೆ, ಕಿಟಕಿಗಳನ್ನು ಸಲೀಸಾಗಿ ಹತ್ತುತ್ತದೆ. ಕಟ್ಟುಹಾವು ಹೆಚ್ಚಾಗಿ ನೆಲವನ್ನೇ ಹಿಡಿದು ಸಾಗುತ್ತದೆ. ತೋಳಹಾವನ್ನೇ ನುಂಗುವ ಅಭ್ಯಾಸವೂ ಅದಕ್ಕುಂಟು.

ನಿಮ್ಮ ಚಿತ್ರದಲ್ಲಿ ತಲೆ ಕಾಣುತ್ತಿಲ್ಲ, ಆದರೆ ಬಾಲದ ಭಾಗದಲ್ಲಿ ಜೋಡಿ ಗೆರೆಗಳು ಎದ್ದು ಕಾಣುತ್ತವೆ. ಇಷ್ಟರಿಂದ ಖಚಿತ ತೀರ್ಪು ಕೊಡಲಾರೆ. ಕಟ್ಟುಹಾವೇ ಎಂದು ತಿಳಿದು ನಡೆದುಕೊಳ್ಳಿ. ಮಕ್ಕಳನ್ನು ಇಂದಿನಿಂದಲೇ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಗಾದಿಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿಸಿ. ಈ ಹಾವು ಕಚ್ಚಿದರೆ ಎಷ್ಟೋ ಸಲ ನೋವಾಗುವುದಿಲ್ಲ, ಊತ ಬರುವುದಿಲ್ಲ, ಹಲ್ಲಿನ ಗುರುತೂ ಕಾಣಿಸುವುದಿಲ್ಲ. ರಾತ್ರಿ ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದು, ಮಾತು ತೊದಲತೊಡಗಿದರೆ, ಊಟ ಕೆಟ್ಟಿರಬೇಕು ಎಂದು ಸೋಡಾ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ (ಬೀದರ್): ನಮ್ಮ ತೋಟದ ಹುಲ್ಲಿನಲ್ಲಿ ದಪ್ಪನೆಯ ಹಾವೊಂದು ಕುಕ್ಕರಿನ ಸೀಟಿಯಂತೆ ಸದ್ದು ಮಾಡುತ್ತಿತ್ತು. ಮೈಮೇಲೆ ದುಂಡನೆಯ ಕಂದು ಮಚ್ಚೆಗಳಿದ್ದವು. ಹೆಬ್ಬಾವಿನ ಮರಿ, ಚೀಲಕ್ಕೆ ಹಾಕಿ ಬಿಟ್ಟುಬಂದರಾಯಿತು ಎಂದು ನಮ್ಮ ಕಾಕಾ ಹೇಳುತ್ತಿದ್ದಾರೆ.

ಉತ್ತರ: ಕಾಕಾ ಅವರನ್ನು ದಯವಿಟ್ಟು ತಡೆಯಿರಿ. ಕುಕ್ಕರಿನ ಸೀಟಿಯಂಥ ದೀರ್ಘ ಸದ್ದು ಕೊಳಕುಮಂಡಲದ್ದು; ನಿಮ್ಮ ಕಡೆ ಮರಾಠಿ ಬಲ್ಲವರು ಇದನ್ನೇ ಘೋಣಸ್ ಎನ್ನುತ್ತಾರೆ. ಬೆನ್ನುದ್ದಕ್ಕೂ ಮೂರು ಸಾಲು ಮಚ್ಚೆಗಳು ಸರಪಳಿಯ ಕೊಂಡಿಗಳಂತೆ ಕ್ರಮವಾಗಿರುತ್ತವೆ, ಪ್ರತಿ ಮಚ್ಚೆಗೂ ಕಪ್ಪು ಅಂಚು ಇರುತ್ತದೆ, ತ್ರಿಕೋನಾಕಾರದ ತಲೆ ಕುತ್ತಿಗೆಯಿಂದ ಬೇರೆಯಾಗಿ ಕಾಣುತ್ತದೆ. ಹೆಬ್ಬಾವಿನ ಮಚ್ಚೆಗಳಿಗೆ ಇಂಥ ಕ್ರಮವಿಲ್ಲ, ಹರಿದ ಬಟ್ಟೆಯ ತುಂಡುಗಳಂತೆ ಅಡ್ಡಾದಿಡ್ಡಿಯಾಗಿರುತ್ತವೆ. ವಿಷವಿಲ್ಲದ ಮಣ್ಣುಮುಕ್ಕನಿಗೂ ಮಚ್ಚೆಗಳುಂಟು, ಆದರೆ ಅದರ ಬಾಲ ಮೊಂಡು, ಕಣ್ಣು ಸಣ್ಣವು. ಕೊಳಕುಮಂಡಲ ಮೊಟ್ಟೆಯಿಡದೆ ಮರಿ ಹಾಕುತ್ತದೆ, ಒಂದೇ ಸಲಕ್ಕೆ 20ರಿಂದ 40ರವರೆಗೂ ಹಾಕಬಹುದು. ಇದು ಮರಿಗಳ ಕಾಲವಾದ್ದರಿಂದ ಹುಲ್ಲಿಗೆ ಬರಿಗೈ ಹಾಕಬೇಡಿ. ಮರಿಗೂ ಹುಟ್ಟಿದಂದಿನಿಂದಲೇ ವಿಷವಿರುತ್ತದೆ.

ಪ್ರಶ್ನೆ (ಯಾದಗಿರಿ ತಾಲ್ಲೂಕು): ಬದುವಿನ ಕಲ್ಲಿನಡಿ ಒಂದೂವರೆ ಗೇಣಿನ ಹಾವು ಸುರುಳಿ ಸುತ್ತಿಕೊಂಡು ಮೈ ಉಜ್ಜಿ ಕರಕರ ಸದ್ದು ಮಾಡುತ್ತಿತ್ತು. ಇಷ್ಟು ಸಣ್ಣದರಿಂದ ಏನಾದೀತು? ಇನ್ನೊಂದು ಮಾತು: ನಮ್ಮೂರಿನಲ್ಲಿ ಹುಳ ಮುಟ್ಟಿದರೆ, ಅಂದರೆ ಹಾವು ಕಚ್ಚಿದರೆ, ಮೊದಲು ಹಗ್ಗದಿಂದ ಬಿಗಿದು ಮಂತ್ರ ಹಾಕಿಸುತ್ತಾರೆ, ಹಾವನ್ನು ಹೊಡೆದು ದವಾಖಾನೆಗೆ ಒಯ್ಯುತ್ತಾರೆ. ಇದು ಸರಿಯೇ?

ಉತ್ತರ: ಅದು ಗರಗಸ ಮಂಡಲ. ಬೆಳೆದ ಮೇಲೂ ಹೆಚ್ಚಾಗಿ ಎರಡು, ಎರಡೂವರೆ ಗೇಣು ಅಷ್ಟೆ. ಗರಗಸದಂಥ ಹುರುಪೆಗಳನ್ನು ಉಜ್ಜಿ ಮಾಡುವ ಆ ಸದ್ದೇ ಅದರ ಎಚ್ಚರಿಕೆ. ತಲೆಯ ಮೇಲೆ ಬಾಣದಂಥ ಬಿಳಿಚು ಗುರುತಿರುತ್ತದೆ. ಅದರ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ, ಒಸಡಿನಿಂದಲೂ ಹಳೆಯ ಗಾಯದಿಂದಲೂ ರಕ್ತ ಒಸರತೊಡಗುತ್ತದೆ. ಸಣ್ಣದೆಂಬ ಸಸಾರ ಬೇಡ.

ಎರಡನೆಯದಕ್ಕೆ ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಹಗ್ಗ ಬಿಗಿದರೆ ವಿಷ ನಿಲ್ಲುವುದಿಲ್ಲ, ಮಂಡಲದ ಕಡಿತದಲ್ಲಂತೂ ಕೈಕಾಲೇ ಕೊಳೆಯುವ ಅಪಾಯವಿದೆ. ಕೊಯ್ಯುವುದು, ಹೀರುವುದು ಬೇಡವೇ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಮರದ ಪಟ್ಟಿ ಇಟ್ಟು ಸಡಿಲವಾಗಿ ಕಟ್ಟಿ, ಊತ ಬರುವ ಮೊದಲೇ ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದು, ನಡೆಸದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ಕರೆದೊಯ್ಯಿರಿ. ಕಚ್ಚಿದ ಹೊತ್ತನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ಹಾವನ್ನು ಹೊಡೆದು ಒಯ್ಯುವ ಅಗತ್ಯವಿಲ್ಲ. ನಮ್ಮಲ್ಲಿ ಕೊಡುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ವೈದ್ಯರು ಲಕ್ಷಣಗಳನ್ನೂ, ಗಾಜಿನ ನಳಿಕೆಯಲ್ಲಿ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂಬುದನ್ನೂ ನೋಡಿ ತೀರ್ಮಾನಿಸುತ್ತಾರೆ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ ಕೊಡುತ್ತಾರೆ, ಹೆಚ್ಚಾಯಿತೆಂದು ಗಾಬರಿಯಾಗಬೇಡಿ. ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ಅಲ್ಲಿ ಹೋದಾಗಲಾದರೂ "ಹುಳ ಮುಟ್ಟೈತ್ರಿ" ಎನ್ನದೆ ಹಾವು ಎಂದೇ ಹೇಳಿ. ಹೊಸದಾಗಿ ಬಂದ ಪರ ಊರಿನ ವೈದ್ಯರು ಚೇಳೋ ಜೇನೋ ಎಂದುಕೊಂಡಾರು.

ಮತ್ತೆ ಪ್ರಶ್ನೆ (ಸೇಡಂ ರಸ್ತೆ): ಪರ್ಸಿಗಳನ್ನು ತೆಗೆಯುವುದು ಹೇಗೆ? ಅಂಗಡಿಯಲ್ಲಿ ಹಾವು ಓಡಿಸುವ ಪುಡಿ ಸಿಗುತ್ತದಂತೆ, ಹಾಕಬಹುದೇ?

ಉತ್ತರ: ಪುಡಿ, ಬೆಳ್ಳುಳ್ಳಿ ನೀರು, ಫಿನಾಯಿಲ್ ಯಾವುದನ್ನೂ ನಂಬಿ ಹಣ ಕಳೆಯಬೇಡಿ, ಕಾರ್ಬಾಲಿಕ್ ಆಮ್ಲವಂತೂ ನಿಮ್ಮ ಮಕ್ಕಳ ಚರ್ಮವನ್ನೇ ಸುಡುತ್ತದೆ. ಅನುಮತಿ ಪಡೆದ ಹಾವು ಹಿಡಿಯುವವರೊಬ್ಬರನ್ನು ಕರೆದು, ಅವರ ಎದುರಿಗೇ ಹಗಲಿನಲ್ಲಿ ಕೆಲಸ ಮಾಡಿಸಿ. ಬೆರಳು ತೂರಿಸದೆ ಉದ್ದನೆಯ ಹಾರೆಯಿಂದ ಮೀಟಬೇಕು. ಪರ್ಸಿಯ ಸಂದು ಎತ್ತುವವರ ಕಡೆಗಲ್ಲದೆ ಆಚೆ ಬದಿಗೆ ತೆರೆದುಕೊಳ್ಳುವಂತಿದ್ದರೆ, ಒಳಗಿದ್ದ ಹಾವಿಗೂ ನಿಮಗೂ ನಡುವೆ ಕಲ್ಲೇ ಅಡ್ಡವಾಗುತ್ತದೆ. ಆಮೇಲೆ ನೆಲದಿಂದ ಒಂದಡಿ ಎತ್ತರದ ಕಟ್ಟೆಯ ಮೇಲೆ ಪೇರಿಸಿ, ಬಚ್ಚಲ ನೀರು ಹೋಗುವ ತೂತಿಗೆ ಜಾಳಿಗೆ ಹಾಕಿಸಿ. ಹಾವು ಸಿಕ್ಕರೆ ಕೊಲ್ಲಿಸಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಸೇಡಂ ರಸ್ತೆಯವರು (ಎರಡು ದಿನಗಳ ನಂತರ): ಸರ್, ಹನ್ನೆರಡು ಪರ್ಸಿ ತೆಗೆಸಿದೆವು. ಹಾವು ಸಿಗಲಿಲ್ಲ, ಕೊನೆಯದರ ಅಡಿಯಲ್ಲಿ ಪೊರೆ ಸಿಕ್ಕಿತು. ಬಿಳಿ ಪಟ್ಟೆಯೇನೂ ಅದರಲ್ಲಿ ಕಾಣುವುದಿಲ್ಲ. ಬಿಸಿಲಿಗೆ ಹಿಡಿದು ಚಿತ್ರ ತೆಗೆದಿದ್ದೇನೆ.

ಉತ್ತರ: ಒಳ್ಳೆಯ ಕೆಲಸ ಮಾಡಿದಿರಿ. ಪೊರೆಯಲ್ಲಿ ಬಣ್ಣ ಉಳಿಯದು, ಹುರುಪೆಯ ಅಚ್ಚು ಮಾತ್ರ ಉಳಿಯುತ್ತದೆ. ಚಿತ್ರವನ್ನು ಹಿಗ್ಗಿಸಿ ಬೆನ್ನಿನ ನಟ್ಟನಡುವೆ ನೋಡಿ: ಒಂದು ಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡದಾಗಿ, ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯವಾಗಿವೆ. ಬಾಲದ ಕೆಳಭಾಗದ ಹುರುಪೆಗಳೂ ಎರಡಾಗಿ ಸೀಳದೆ ಒಂದೊಂದೇ ಇವೆ. ತೋಳಹಾವಿಗೆ ಈ ಎರಡೂ ಇಲ್ಲ. ನಿಮ್ಮ ಪಕ್ಕದ ಮನೆಯವರು ಹೇಳಿದ್ದೇ ನಿಜ, ಅದು ಕಟ್ಟುಹಾವು. ಅದಿನ್ನೂ ಸುತ್ತಮುತ್ತ ಇರಬಹುದಾದ್ದರಿಂದ ಸೊಳ್ಳೆಪರದೆ ಬಿಚ್ಚಬೇಡಿ, ರಾತ್ರಿ ಹಿತ್ತಲಿಗೆ ಹೋಗುವಾಗ ಕಾಲಿಗೆ ಚಪ್ಪಲಿ, ಕೈಯಲ್ಲಿ ಬ್ಯಾಟರಿ ಇರಲಿ.