ಗೂಡ್ಸ್ ಶೆಡ್ ಧೂಳು: ಬಂದರಿನ ಕ್ರಮಗಳಲ್ಲಿ ಯಾವುದು ನಮ್ಮೂರಿಗೆ ಆಗುತ್ತೆ?

ತುಂಗಾದಂಡೆ:
ಶಿವಮೊಗ್ಗ ಜಿಲ್ಲೆಯ ಒಂದು ರೈಲ್ವೆ ಗೂಡ್ಸ್ ಶೆಡ್‌ಗೆ ಅಂಟಿಕೊಂಡ ಹಮಾಲರ ವಠಾರದ ಪರವಾಗಿ ಕೇಳ್ತಿದ್ದೀನಿ. ಸಿಮೆಂಟ್ ರೇಕ್ (ಗೂಡ್ಸ್ ರೈಲು) ಬಂದ ದಿನ ಒಣಹಾಕಿದ ಬಟ್ಟೆ ಮೇಲೆಲ್ಲ ಬೂದು ಪುಡಿ. ಬೀದಿಯುದ್ದಕ್ಕೂ ಇಂಜಿನ್ ಆರಿಸದ ಲಾರಿ ಸಾಲು. ಮಕ್ಕಳಿಗೆ ಕೆಮ್ಮು ಬಿಡ್ತಿಲ್ಲ. ಬಂದರುಗಳ ಸುತ್ತ ಧೂಳು, ಹೊಗೆ ತಡೆಯಲು ಮಾಡುವ ಕ್ರಮಗಳಲ್ಲಿ ಇಲ್ಲಿಗೆ ಯಾವುದು ಹೊಂದುತ್ತೆ? ಗಾಳಿಯ ಸಣ್ಣ ಕಣ ಅಳೆಯೋ ಪುಟ್ಟ ಪಿಎಂ ಮೀಟರ್ ಜುಲೈನ ಒಂದು ಬೆಳಿಗ್ಗೆ 180 ತೋರಿಸಿದೆ, ಮನವಿಗೆ ಲಗತ್ತಿಸಬಹುದಾ?

ಸೈಡಿಂಗ್:
ಬಂದರಿನಲ್ಲಿ ಲಾರಿ ಜೊತೆಗೆ ಹಡಗಿನ ಹೊಗೆಯೂ ಇದೆ. ಹಡಗಿನ ಇಂಧನದ ಗಂಧಕ ಮಿತಿ 2020ರ ಜನವರಿಯಿಂದ ಶೇ. 3.5ರಿಂದ 0.5ಕ್ಕೆ ಇಳಿದಿದೆ, ಆದರೂ ಅದು ನಮ್ಮ ಲಾರಿಗಳಿಗೆ ಹಾಕುವ ಬಿಎಸ್-6 ಡೀಸೆಲ್‌ನ ಮಿತಿಗಿಂತ 500 ಪಟ್ಟು ಜಾಸ್ತಿ. ದಡದಿಂದ ಕರೆಂಟ್ ಕೊಟ್ಟು ಹಡಗಿನ ಇಂಜಿನ್ ಆರಿಸೋದು ಅದಕ್ಕೇ. ನಿಮಗೆ ಬೇಕಾದ್ದು ಲಾರಿ ಕಡೆಯ ಕ್ರಮ. ಅಮೆರಿಕದ ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳು 2008ರ ಅಕ್ಟೋಬರ್‌ನಿಂದ 1989ಕ್ಕಿಂತ ಹಳೇ ಲಾರಿಗಳನ್ನು ಒಳಗೇ ಬಿಡಲಿಲ್ಲ.

42 ವ್ಯಾಗನ್‌ನ ರೇಕ್ ಅಂದ್ರೆ ಸುಮಾರು 2,600 ಟನ್. 16 ಟನ್ ಲಾರಿಗೆ 160ಕ್ಕೂ ಹೆಚ್ಚು ಟ್ರಿಪ್. ಹೊತ್ತು ಬರೆದ ಟೋಕನ್ ಕೊಟ್ಟು, ಸರದಿ ಬರೋ ತನಕ ಮನೆಗಳಿಂದ ದೂರದ ಜಾಗದಲ್ಲಿ ಇಂಜಿನ್ ಆರಿಸಿ ನಿಲ್ಲಿಸಿದರೆ ಬೀದಿಯ ಹೊಗೆ ಬಹಳ ಇಳಿಯುತ್ತೆ.

ನೀರು ಚಿಮುಕಿಸಿ ಅಂತ ಎಲ್ಲರೂ ಹೇಳ್ತಾರೆ. ಕಲ್ಲಿದ್ದಲಿಗೆ, ಅದಿರಿಗೆ ಸರಿ. ಚೆಲ್ಲಿದ ಸಿಮೆಂಟಿಗೆ ನೀರು ಬಿದ್ದರೆ ಅಲ್ಲೇ ಗಟ್ಟಿಯಾಗುತ್ತೆ, ಆಮೇಲೆ ಚಕ್ರದಡಿ ಪುಡಿಯಾಗಿ ಮತ್ತೆ ಏಳುತ್ತೆ. ಯೂರಿಯಾ ಕರಗಿ ಚರಂಡಿ ಸೇರುತ್ತೆ. ಮೊದಲು ಚೆಲ್ಲೋದನ್ನೇ ತಡೀಬೇಕು: ಮೂಟೆಗೆ ಕೊಕ್ಕೆ ಹಾಕೋದು ನಿಲ್ಲಲಿ, ವ್ಯಾಗನ್ ಬಾಗಿಲಿಂದ ಲಾರಿ ತನಕ ಟಾರ್ಪಾಲಿನ್ ಹಾಸಲಿ, ಬಿದ್ದದ್ದನ್ನು ಅವತ್ತೇ ಚೀಲಕ್ಕೆ ತುಂಬಲಿ. ಒಣ ಪೊರಕೆ ಬೇಡ, ವ್ಯಾಕ್ಯೂಮ್ ಯಂತ್ರ ಬೇಕು. ಅಂಗಳಕ್ಕೆ ಕಾಂಕ್ರೀಟ್ ಆಗದೆ ಇದ್ಯಾವುದೂ ನಿಲ್ಲಲ್ಲ. ಮಣ್ಣಿನ ಅಂಗಳದಲ್ಲಿ ಎಷ್ಟು ಗುಡಿಸಿದರೂ ಧೂಳೇ.

ಮಾಪಕ:
ಆ 180 ಲಗತ್ತಿಸಬೇಡಿ ಮಾರಾಯ್ರೇ, ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತೆ. ಲೇಸರ್ ಮೀಟರ್ ಬೆಳಕಿನ ಚದುರುವಿಕೆ ನೋಡಿ ಲೆಕ್ಕ ಹಾಕುತ್ತೆ. ಮಳೆಗಾಲದ ತೇವದಲ್ಲಿ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಮಂಜಿನ ಹನಿಯೂ ಧೂಳಾಗಿ ಎಣಿಕೆಯಾಗುತ್ತೆ. ಜೊತೆಗೆ ಬೆಳಿಗ್ಗೆ ಬಚ್ಚಲೊಲೆ ಹೊಗೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಅಳೆಯಿರಿ. ಎರಡು ಮೀಟರ್ ತಗೊಂಡು ಒಂದು ವಾರ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಆಮೇಲೆ ಒಂದನ್ನು ಶೆಡ್‌ಗೆ ಗಾಳಿ ಬರುವ ಕಡೆ, ಇನ್ನೊಂದನ್ನು ಗಾಳಿ ಹೋಗುವ ಕಡೆ, ಒಲೆಯಿಂದ ದೂರ, ಸೂರಿನಡಿ ಆಳೆತ್ತರದಲ್ಲಿ ಕಟ್ಟಿ. ರೇಕ್ ಬಂದ ಗಂಟೆ ದಾಖಲಿಸಿ.

ಇಷ್ಟಾದರೂ ಸಿಮೆಂಟಿನ ದಪ್ಪ ಕಣ ಈ ಮೀಟರ್‌ಗೆ ಸರಿಯಾಗಿ ಕಾಣಲ್ಲ. ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಯಾಂಪ್ಲರ್ (ಗಾಳಿ ಎಳೆದು ಧೂಳು ಹಿಡಿಯೋ ಯಂತ್ರ) 24 ಗಂಟೆ ಓಡಬೇಕು, ಅದೂ ರೇಕ್ ಇಳಿಸುವ ದಿನವೇ ಅಂತ ಮನವಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಪಿಎಂ10 (10 ಮೈಕ್ರಾನ್ ತನಕದ ಕಣ) 100 ಮೈಕ್ರೋಗ್ರಾಂ, ಪಿಎಂ2.5 (2.5 ಮೈಕ್ರಾನ್ ತನಕದ ಕಣ) 60.

ಆರೋಗ್ಯಕೇಂದ್ರ:
ರೇಕ್ ದಿನಾ ಬರಲ್ಲವಲ್ಲ, ಅದೇ ನಿಮ್ಮ ಬಲ. ಉಸಿರು ಎಷ್ಟು ಜೋರಾಗಿ ಹೊರಬರುತ್ತೆ ಅಂತ ಅಳೆಯೋ ಪೀಕ್ ಫ್ಲೋ ಮೀಟರ್‌ನಲ್ಲಿ ಬೆಳಿಗ್ಗೆ ಸಂಜೆ ಮೂರು ಸಲ ಊದಿಸಿ ಅತಿ ಹೆಚ್ಚಿನದನ್ನು ಬರೆಯಿರಿ. ಅದೇ ಮನುಷ್ಯನ ರೇಕ್ ದಿನ ಮತ್ತು ರೇಕ್ ಇಲ್ಲದ ದಿನ ಹೋಲಿಸಿ. ಮನೆಯಲ್ಲಿ ಸೌದೆ ಒಲೆಯೋ ಗ್ಯಾಸೋ, ಬೀಡಿ ಸೇದ್ತಾರೋ ಅನ್ನೋದೂ ಪಟ್ಟಿಯಲ್ಲಿರಲಿ. ಇಲ್ಲದಿದ್ದರೆ ಕೆಮ್ಮಿಗೆಲ್ಲ ಒಲೆಯೇ ಕಾರಣ ಅಂತ ತಳ್ಳಿಹಾಕ್ತಾರೆ.

ಮೂಟೆ ಹೊರುವವರಿಗೆ ಬಟ್ಟೆ ಸುತ್ತೋದು ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಬೆವರಿಗೆ ಸಿಮೆಂಟ್ ಸೇರಿದರೆ ಚರ್ಮ ಸುಡುತ್ತೆ. ಕೆಲಸದ ಜಾಗದಲ್ಲೇ ಸ್ನಾನಕ್ಕೆ ನಲ್ಲಿ, ಬಟ್ಟೆ ಬದಲಿಸಲು ಕೋಣೆ ಕೇಳಿ. ಆ ಪುಡಿ ಅಂಗಿಯ ಜೊತೆ ಮನೆಗೆ ಹೋಗಿ ಮಕ್ಕಳ ಮೂಗಿಗೂ ಸೇರುತ್ತೆ.