ಅಪ್‌ಡೇಟ್: ನಮ್ಮ ಬೀದಿಯ ಗೋಣಿ ಮರ ಉಳಿಯಿತು

ಮದ್ದೂರಿನ ನಮ್ಮ ಬೀದಿಯಲ್ಲಿ ಅಂಗಡಿಯವರೊಬ್ಬರು ಬೋರ್ಡ್ ಕಾಣಲ್ಲ ಅಂತ ರಸ್ತೆಬದಿಯ ಗೋಣಿ ಮರ ಕಡಿಸಲು ಹೊರಟಿದ್ದಾರೆ, ಏನು ಮಾಡಲಿ ಎಂದು ಹೋದ ತಿಂಗಳು ಕೇಳಿದ್ದೆ ಅಲ್ವಾ?

ನೀವು ಹೇಳಿದಂತೆ ಅರಣ್ಯ ಇಲಾಖೆಗೆ ಫೋಟೊ ಸಮೇತ ಅರ್ಜಿ ಕೊಟ್ಟೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಸುಮ್ನೆ ಮರ ಕಡಿಯುವ ಹಾಗಿಲ್ಲ. ಸ್ವಂತ ಜಾಗದ ಮರಕ್ಕೂ ಇದೇ ನಿಯಮವಂತೆ! ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ನನಗಿದು ಗೊತ್ತೇ ಇರಲಿಲ್ಲ.

ಅಧಿಕಾರಿ ಬಂದು ನೋಡಿದರು. ಮರ ಗಟ್ಟಿಯಾಗಿದೆ, ಬೋರ್ಡ್‌ಗೋಸ್ಕರ ಕಡಿಯಲು ಆಗಲ್ಲ ಎಂದರು. ಕರೆಂಟ್ ತಂತಿಗೆ ತಾಗುತ್ತಿದ್ದ ಎರಡು ಕೊಂಬೆ ಮಾತ್ರ ಹೋದವು.

ಅಂಗಡಿಯವರು ಇನ್ನೂ ಮಾತಾಡಿಸುತ್ತಿಲ್ಲ. ಬೈಕ್ ಮಾತ್ರ ದಿನಾ ಅದೇ ಮರದ ನೆರಳಲ್ಲೇ ನಿಲ್ಲಿಸುತ್ತಾರೆ.