‘ಹೆರಿಡಿಟರಿ’ ಚಿತ್ರದ ಬಗ್ಗೆ ನೋಡಿದವರಲ್ಲಿ ಇಷ್ಟೊಂದು ಭಿನ್ನಾಭಿಪ್ರಾಯ ಏಕೆ?

ಪ್ರಶ್ನೆ: ಸಂಜೆಮಲ್ಲಿಗೆ

(ಕಥೆಯ ಕೊನೆಯವರೆಗಿನ ವಿವರಗಳು ಇಲ್ಲಿ ಬರುತ್ತವೆ. ಚಿತ್ರವನ್ನು ಇನ್ನೂ ನೋಡದವರು ದಯವಿಟ್ಟು ಮುಂದೆ ಓದಬೇಡಿ.)

ಆರಿ ಆಸ್ಟರ್ ಅವರ ಮೊದಲ ಕಥಾಚಿತ್ರ ‘ಹೆರಿಡಿಟರಿ’ 2018ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ವಿಮರ್ಶಕರು ಅದನ್ನು ಹಾಡಿ ಹೊಗಳಿದರು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದಾಗ, ಮೊದಲ ದಿನ ಚಿತ್ರ ನೋಡಿ ಹೊರಬರುವವರ ಅಭಿಪ್ರಾಯ ಪಡೆಯುವ ಸಿನೆಮಾಸ್ಕೋರ್ ಸಮೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ‘ಡಿ ಪ್ಲಸ್’ ದರ್ಜೆ. ಹೆಚ್ಚು ಕಡಿಮೆ ನಪಾಸು ಎಂದೇ ಅರ್ಥ.

ನಮ್ಮ ಮನೆಯಲ್ಲೂ ಇದೇ ಆಯಿತು. ಮಗಳನ್ನು ಕಳೆದುಕೊಂಡ ತಂದೆತಾಯಿಯ ಸಂಕಟವನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರವನ್ನು ತಾನು ನೋಡಿಯೇ ಇಲ್ಲ ಎಂದು ಅಕ್ಕ ಹೇಳಿದರೆ, ಎರಡು ಗಂಟೆ ಮನಸ್ಸು ಕೆಡಿಸಿಕೊಂಡದ್ದಕ್ಕೆ ಕೊನೆಗೆ ಸಿಕ್ಕಿದ್ದು ಒಂದು ಪಿಶಾಚಿಯ ಪಟ್ಟಾಭಿಷೇಕ ಎಂದು ಭಾವ ಮೂಗು ಮುರಿದರು. ಈ ಜಗಳ ಭಯದ ಚಿತ್ರ ಹೇಗಿರಬೇಕು ಎಂಬುದರ ಬಗ್ಗೆಯೋ, ದುಃಖವನ್ನು ಹೇಗೆ ತೋರಿಸಬೇಕು ಎಂಬುದರ ಬಗ್ಗೆಯೋ? ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಟಾಕೀಸು

ಮೊದಲು ಆ ‘ಡಿ ಪ್ಲಸ್’ ಬಗ್ಗೆ ಒಂದು ಮಾತು. ಸಿನೆಮಾಸ್ಕೋರ್ ಅಳೆಯುವುದು ಚಿತ್ರದ ಗುಣವನ್ನಲ್ಲ; ಮೊದಲ ದಿನವೇ ಟಿಕೆಟ್ ಕೊಂಡು ಬಂದವರಿಗೆ ತಾವು ಬಯಸಿ ಬಂದದ್ದು ಸಿಕ್ಕಿತೇ ಎಂಬುದನ್ನು. ಭಯದ ಚಿತ್ರಗಳಿಗೆ ಅಲ್ಲಿ ‘ಸಿ’ ಆಸುಪಾಸಿನ ದರ್ಜೆ ಬರುವುದು ಮಾಮೂಲು. ಈ ಚಿತ್ರಕ್ಕೆ ಅದಕ್ಕಿಂತಲೂ ಕೆಳಗಿನದು ಬರಲು ಟ್ರೇಲರ್ ಬಹುಮಟ್ಟಿಗೆ ಕಾರಣ ಎಂಬುದು ನನ್ನ ಅನಿಸಿಕೆ. ಅದರ ತುಂಬ ಇರುವವಳು ನಾಲಿಗೆಯಿಂದ ಲೊಚಗುಟ್ಟುವ, ಸತ್ತ ಪಾರಿವಾಳದ ತಲೆಯನ್ನು ಕತ್ತರಿಸುವ ಪುಟ್ಟ ಚಾರ್ಲಿ. ಹೀಗಾಗಿ ದೆವ್ವ ಹಿಡಿದ ಹುಡುಗಿಯ ಕಥೆ ನೋಡಲು ಬಂದವರಿಗೆ, ಮುಕ್ಕಾಲು ಗಂಟೆ ಕಳೆಯುವುದರೊಳಗೆ ಅವಳೇ ಸತ್ತುಹೋಗಿ, ಅಲ್ಲಿಂದ ಮುಂದೆ ಬಹಳ ಹೊತ್ತು ಒಂದು ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಲಾಗದೆ ಒದ್ದಾಡುವುದನ್ನೇ ನೋಡುವ ಪ್ರಸಂಗ ಬಂತು. ಮೋಸಹೋದೆವೆಂದು ಅವರಿಗೆ ಅನ್ನಿಸಿದ್ದರೆ ತಪ್ಪೇನೂ ಇಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ‘ಎ ಕ್ವೈಟ್ ಪ್ಲೇಸ್’ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ಒಂದು ಮಗು ಸಾಯುತ್ತದೆ, ಅಲ್ಲಿಯೂ ಒಡಹುಟ್ಟಿದವಳೊಬ್ಬಳು ಅದಕ್ಕೆ ತಾನೇ ಕಾರಣ ಎಂದು ಕೊರಗುತ್ತಾಳೆ. ಆದರೆ ತಂದೆ ಕೊನೆಗೆ ಮಕ್ಕಳಿಗಾಗಿ ಪ್ರಾಣವನ್ನೇ ಕೊಟ್ಟು, ಅವಳ ಮೇಲಿನ ಪ್ರೀತಿಯನ್ನು ಹೇಳಿಯೇ ಹೋಗುತ್ತಾನೆ. ಆ ಚಿತ್ರಕ್ಕೆ ಪ್ರೇಕ್ಷಕರು ಕೊಟ್ಟದ್ದು ‘ಬಿ ಪ್ಲಸ್’. ಸಾವನ್ನು ತೋರಿಸಿದ್ದಕ್ಕೆ ಜನ ಮುನಿಯಲಿಲ್ಲ, ಸಾವಿನ ನಂತರ ಯಾರೂ ಯಾರನ್ನೂ ಕ್ಷಮಿಸದಿದ್ದುದಕ್ಕೆ ಮುನಿದರು ಎನ್ನುವುದು ನನ್ನ ಲೆಕ್ಕ.

ಉತ್ತರ 2: ಕಾಡುಹಾದಿ

ನಾನು ನಿಮ್ಮ ಭಾವನವರ ಪಕ್ಷ. ಆದರೆ ಕಾರಣ ಬೇರೆ.

ಈ ಚಿತ್ರದ ಮೊದಲರ್ಧವನ್ನು ಯಾರೂ ತೆಗಳಲಾರರು. ಕೇಕಿನಲ್ಲಿದ್ದ ಬೀಜದ ಅಲರ್ಜಿಯಿಂದ ಉಸಿರುಗಟ್ಟುತ್ತಿದ್ದ ತಂಗಿಯನ್ನು ಆಸ್ಪತ್ರೆಗೆ ಒಯ್ಯುವಾಗ, ಕಾರಿನ ಕಿಟಕಿಯಿಂದ ಹೊರಚಾಚಿದ್ದ ತಲೆ ಕಂಬಕ್ಕೆ ತಗುಲಿ ಅವಳು ಸಾಯುತ್ತಾಳೆ. ಕಾರು ಓಡಿಸುತ್ತಿದ್ದ ಅಣ್ಣ ಪೀಟರ್ ಹಿಂದಿರುಗಿ ನೋಡುವುದಿಲ್ಲ. ಕಾರನ್ನು ನಿಧಾನವಾಗಿ ಮನೆಗೆ ಓಡಿಸಿಕೊಂಡು ಬಂದು, ಯಾರನ್ನೂ ಎಬ್ಬಿಸದೆ ಹೋಗಿ ಮಲಗುತ್ತಾನೆ. ಬೆಳಗ್ಗೆ ತಾಯಿ ಕಾರಿನ ಬಳಿಗೆ ಹೋಗುವುದು, ಚೀರುವುದು ಎಲ್ಲವೂ ನಮ್ಮ ಕಿವಿಗೆ ಮಾತ್ರ ಬೀಳುತ್ತದೆ. ಕ್ಯಾಮೆರಾ ಕಣ್ಣುಬಿಟ್ಟುಕೊಂಡೇ ಮಲಗಿರುವ ಹುಡುಗನ ಮುಖವನ್ನು ಬಿಟ್ಟು ಕದಲುವುದಿಲ್ಲ. ಆ ದೃಶ್ಯಕ್ಕೆ ನಾನೂ ತಲೆಬಾಗುತ್ತೇನೆ.

ನನ್ನ ತಕರಾರು ಇರುವುದು ಆಮೇಲಿನದರ ಬಗ್ಗೆ. ಊಟದ ಮೇಜಿನ ಜಗಳದಲ್ಲಿ ತಾಯಿ ಆನಿ ಮಗನಿಗೆ ಹೇಳುವುದು, ಈ ಮನೆಯಲ್ಲಿ ಯಾರೂ ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದಿಲ್ಲ ಎಂದು. ಅವನು ತಿರುಗಿ, ಬರಲೊಲ್ಲೆನೆಂದ ಚಾರ್ಲಿಯನ್ನು ಪಾರ್ಟಿಗೆ ಕಳುಹಿಸಿದವಳು ನೀನೇ ಅಲ್ಲವೇ ಎನ್ನುತ್ತಾನೆ. ಇಬ್ಬರೂ ಹೇಳುವುದು ನಿಜ, ಆದ್ದರಿಂದಲೇ ಅದು ಅಷ್ಟು ನೋಯಿಸುತ್ತದೆ. ಇಷ್ಟು ಗಟ್ಟಿಯಾದ ಪ್ರಶ್ನೆಯನ್ನು ಎತ್ತಿದ ನಿರ್ದೇಶಕ, ಕೊನೆಗೆ ಆನಿಯ ತಾಯಿ, ಅಂದರೆ ಮಕ್ಕಳ ಅಜ್ಜಿ ಎಲೆನ್ ಕಟ್ಟಿದ ಪಂಥವೊಂದು ಪೈಮನ್ ಎಂಬ ಪಿಶಾಚರಾಜನಿಗಾಗಿ ಇದೆಲ್ಲವನ್ನೂ ಮಾಡಿಸಿತು ಎಂದು ಹೇಳಿ ಕೈತೊಳೆದುಕೊಂಡರೆ, ತಾಯಿಯದೂ ತಪ್ಪಿಲ್ಲ, ಮಗನದೂ ತಪ್ಪಿಲ್ಲ ಎಂದಾಯಿತು. ಆಸ್ಪತ್ರೆಯಿಂದ ಸ್ಮಶಾನದವರೆಗೆ ‘ಅವತ್ತು ನಾನು ಹಾಗೆ ಮಾಡದಿದ್ದರೆ’ ಎಂದು ಕೊರಗುವ ನಿಜವಾದ ತಂದೆತಾಯಿಗೆ ಅಂಥ ಪಂಥ ಯಾವುದೂ ಸಿಗುವುದಿಲ್ಲ. ನಮ್ಮಲ್ಲಿ ಪುತ್ರಶೋಕಂ ನಿರಂತರಂ ಎನ್ನುತ್ತಾರೆ. ಈ ಚಿತ್ರ ಆ ನಿರಂತರಕ್ಕೆ ಕೊನೆಯ ಅರ್ಧ ಗಂಟೆಯಲ್ಲಿ ಪೂರ್ಣವಿರಾಮ ಹಾಕಿಬಿಡುತ್ತದೆ.

ಉತ್ತರ 3: ನೆರಳುಬೆಳಕು

ಕಾಡುಹಾದಿ ಅವರೇ, ನಿಮ್ಮ ಆಕ್ಷೇಪಣೆ ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರವನ್ನು ಚಿತ್ರವೇ ಬಹಳ ಮೊದಲು ಇಟ್ಟಿದೆ. ಪೀಟರನ ತರಗತಿಯಲ್ಲಿ ಮೇಷ್ಟ್ರು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಟಕದ ಹೆರಕ್ಲಿಸನ ವಿಷಯ ಪಾಠ ಮಾಡುತ್ತಿರುತ್ತಾರೆ. ಅವನ ಗತಿ ದೈವವಾಣಿಯಲ್ಲೇ ನಿಶ್ಚಯವಾಗಿದ್ದರೆ, ಅವನಿಗೆ ಬೇರೆ ದಾರಿಯೇ ಇರಲಿಲ್ಲವಾದರೆ, ಅದರಿಂದ ದುರಂತ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳುತ್ತಾರೆ. ಒಬ್ಬರು ಕಡಿಮೆ ಎನ್ನುತ್ತಾರೆ, ಇನ್ನೊಬ್ಬಳು ಹೆಚ್ಚು ಎನ್ನುತ್ತಾಳೆ. ಪೀಟರ್ ಮಾತ್ರ ಮುಂದಿನ ಸಾಲಿನ ಹುಡುಗಿಯನ್ನು ನೋಡುತ್ತ ಕುಳಿತಿರುತ್ತಾನೆ. ನೀವು ‘ಕಡಿಮೆ’ ಎಂದವರ ಜೊತೆಗಿದ್ದೀರಿ, ನಾನು ‘ಹೆಚ್ಚು’ ಎಂದವಳ ಜೊತೆಗಿದ್ದೇನೆ.

ಪಂಥದ ಕೈವಾಡವೂ ಕೊನೆಯಲ್ಲಿ ಥಟ್ಟನೆ ಬಂದು ಬೀಳುವುದಿಲ್ಲ. ಅಣ್ಣತಂಗಿ ಪಾರ್ಟಿಗೆ ಹೋಗುವ ದಾರಿಯಲ್ಲಿ ಅದೇ ಕಂಬದ ಮೇಲೆ ಪೈಮನ್‌ನ ಗುರುತು ಕಾಣುತ್ತದೆ; ಅಜ್ಜಿಯ ಅಂತ್ಯಕ್ರಿಯೆಯಲ್ಲಿ ಅವಳ ಕೊರಳಲ್ಲಿ ಇದ್ದ ಪದಕವೂ ಅದೇ ಗುರುತಿನದು. ಎರಡನೆಯ ಬಾರಿ ನೋಡುವವರಿಗೆ ಮೊದಲಿನಿಂದಲೇ ಬಲೆ ಬಿಗಿಯುತ್ತಿರುವುದು ಕಾಣುತ್ತದೆ. ಆನಿಯ ವೃತ್ತಿಯನ್ನೂ ನೆನಪಿಸಿಕೊಳ್ಳಿ: ಅವಳು ಮನೆಗಳ, ಕೋಣೆಗಳ ಪುಟ್ಟ ಪ್ರತಿಕೃತಿಗಳನ್ನು ಮಾಡುವ ಕಲಾವಿದೆ. ಮಗಳ ಅಪಘಾತವನ್ನೂ ಚಿಕ್ಕ ಕಂಬ, ಚಿಕ್ಕ ಕಾರು ಇಟ್ಟು ಹಾಗೆಯೇ ಕಟ್ಟುತ್ತಾಳೆ. ಇದನ್ನು ಮಗ ನೋಡಿದರೆ ಏನು ಗತಿ ಎಂದು ಗಂಡ ಸ್ಟೀವ್ ಗಾಬರಿಯಿಂದ ಕೇಳಿದಾಗ, ಇದಕ್ಕೂ ಅವನಿಗೂ ಸಂಬಂಧವಿಲ್ಲ, ಇದು ಅಪಘಾತದ ನಿಷ್ಪಕ್ಷಪಾತ ನೋಟ ಎನ್ನುತ್ತಾಳೆ. ತಾನು ಬೊಂಬೆಗಳನ್ನು ಜೋಡಿಸುತ್ತಿದ್ದೇನೆ ಎಂದುಕೊಂಡವಳು ತಾನೂ ಬೇರೆ ಯಾರೋ ಜೋಡಿಸಿದ ಬೊಂಬೆ ಎಂದಾಗುವುದು ಚಿತ್ರದ ತಿರುಳು. ಹಣೆಬರಹ ಎಂದು ಹೇಳಿ ನಾವು ಸಮಾಧಾನಪಟ್ಟುಕೊಳ್ಳುವುದುಂಟು. ಆ ಬರಹ ಬರೆದವಳು ಹೆತ್ತ ತಾಯಿಯೇ ಆಗಿದ್ದರೆ ಅದರಲ್ಲಿ ಸಮಾಧಾನ ಎಲ್ಲಿಂದ ಬರಬೇಕು?

ಆನಿಯಾಗಿ ಟೋನಿ ಕೊಲೆಟ್ ಅವರ ಅಭಿನಯದ ಬಗ್ಗೆ ಎರಡು ಮಾತಿಲ್ಲ. ಆಸ್ಕರ್ ನಾಮನಿರ್ದೇಶನವೂ ಅವರಿಗೆ ಸಿಗದೆ ಹೋದದ್ದು ಈಗಲೂ ನನಗೆ ಬೇಸರದ ಸಂಗತಿ.

ಉತ್ತರ 4: ತುಂಗಾತೀರ

ಎಲ್ಲರೂ ತಾಯಿ ಮತ್ತು ಮಗನ ಬಗ್ಗೆಯೇ ಬರೆದಿದ್ದೀರಿ. ಗೇಬ್ರಿಯಲ್ ಬರ್ನ್ ಅಭಿನಯಿಸಿದ ಸ್ಟೀವ್ ಕೂಡ ಮಗಳನ್ನು ಕಳೆದುಕೊಂಡವನೇ. ಅತ್ತೆಯ ಸಮಾಧಿಯನ್ನು ಯಾರೋ ಅಗೆದಿದ್ದಾರೆ ಎಂದು ಸ್ಮಶಾನದಿಂದ ಫೋನ್ ಬಂದಾಗ ಹೆಂಡತಿಗೆ ಹೇಳದೆ ನುಂಗಿಕೊಳ್ಳುತ್ತಾನೆ, ಅಡುಗೆ ಮಾಡುತ್ತಾನೆ, ಜಗಳದ ನಡುವೆ ನಿಲ್ಲುತ್ತಾನೆ, ಶಾಲೆಯಲ್ಲಿ ಮುಖ ಜಜ್ಜಿಕೊಂಡ ಮಗನನ್ನು ಕರೆತರುವಾಗ ಕಾರಿನಲ್ಲಿ ಸದ್ದಿಲ್ಲದೆ ಅಳುತ್ತಾನೆ. ಮನೆಯ ಗಂಡಸು ಗಟ್ಟಿಯಾಗಿರಬೇಕು ಎಂಬ ಕಟ್ಟುಪಾಡಿನಲ್ಲಿ ಅವನ ಶೋಕವನ್ನು ಯಾರೂ ವಿಚಾರಿಸುವುದಿಲ್ಲ. ಕೊನೆಗೆ ಆನಿ ಚಾರ್ಲಿಯ ಚಿತ್ರ ಬರೆಯುವ ಪುಸ್ತಕವನ್ನು ಬೆಂಕಿಗೆ ಎಸೆದಾಗ ಉರಿದುಹೋಗುವವನೂ ಅವನೇ. ನನಗೆ ಈ ಚಿತ್ರ ತೀರ ಕ್ರೂರ ಎನ್ನಿಸಿದ್ದು ಅಲ್ಲಿ, ತಲೆ ಕತ್ತರಿಸುವ ದೃಶ್ಯಗಳಲ್ಲಿ ಅಲ್ಲ.

ಸಂಜೆಮಲ್ಲಿಗೆ

ಎಲ್ಲರಿಗೂ ಧನ್ಯವಾದಗಳು. ನೆರಳುಬೆಳಕು ಅವರ ವಾದವನ್ನು ಭಾವನಿಗೆ ಓದಿ ಹೇಳಿದೆ. ಎರಡನೆಯ ಸಲ ನೋಡಿದರೆ ಮಾತ್ರ ಅರ್ಥವಾಗುವುದಾದರೆ ಮೊದಲನೆಯ ಟಿಕೆಟಿನ ಹಣ ವಾಪಸು ಕೊಡಲಿ ಎಂದರು. ತುಂಗಾತೀರ ಅವರ ಮಾತಿಗೆ ಮಾತ್ರ ಏನೂ ಹೇಳಲಿಲ್ಲ; ಅಕ್ಕ ಕಾರಿನ ಆ ದೃಶ್ಯವನ್ನು ಮತ್ತೊಮ್ಮೆ ನೋಡಬೇಕು ಎಂದಿದ್ದಾಳೆ.

ಕಾಡುಹಾದಿ

ನೆರಳುಬೆಳಕು ಅವರೇ, ತರಗತಿಯ ದೃಶ್ಯ ನನ್ನ ಗಮನಕ್ಕೆ ಬಂದಿತ್ತು, ಕಂಬದ ಮೇಲಿನ ಗುರುತು ಬಂದಿರಲಿಲ್ಲ. ಬಲೆಯನ್ನು ಜಾಣತನದಿಂದ ನೇಯ್ದಿದ್ದಾರೆ ಎಂದು ಒಪ್ಪುತ್ತೇನೆ. ಆದರೂ ಊಟದ ಮೇಜಿನಲ್ಲಿ ಕೇಳಿದ ಪ್ರಶ್ನೆಗೆ ಆ ಮೂವರೇ ಕುಳಿತು ಉತ್ತರ ಹುಡುಕುವ ಚಿತ್ರವನ್ನು ನೋಡಲು ನಾನು ಇನ್ನೂ ಒಂದು ಗಂಟೆ ಹೆಚ್ಚಾಗಿಯೇ ಕೂರುತ್ತಿದ್ದೆ.